ಒಂದು ಅಂಕದ ಮೂರು ಗೆಲುವು, ಮುಗಿಯದ ಜಗಳ

2023ರ ಅಕ್ಟೋಬರ್ 27 ಮತ್ತು 28 ನಿಮ್ಮಲ್ಲಿ ಕೆಲವರಿಗೆ ಕ್ರಿಕೆಟ್‌ನ ಕಾರಣಕ್ಕೆ ನೆನಪಿರಬಹುದು. 27ರಂದು ಚೆನ್ನೈನಲ್ಲಿ ದಕ್ಷಿಣ ಆಫ್ರಿಕಾ ಪಾಕಿಸ್ತಾನವನ್ನು ಒಂದೇ ಒಂದು ವಿಕೆಟ್‌ನಿಂದ ಸೋಲಿಸಿತು. ಮರುದಿನ ಧರ್ಮಶಾಲೆಯಲ್ಲಿ ಆಸ್ಟ್ರೇಲಿಯಾದ 388 ರನ್ನುಗಳ ಬೆನ್ನು ಹತ್ತಿದ ನ್ಯೂಜಿಲೆಂಡ್ 383ಕ್ಕೆ ನಿಂತು, 5 ರನ್ನಿನಿಂದ ಸೋತಿತು. ನಮ್ಮ ಬೆಂಗಳೂರಿನ ಬೇರಿರುವ ರಚಿನ್ ರವೀಂದ್ರ ಆ ಪಂದ್ಯದಲ್ಲಿ 116 ಹೊಡೆದಿದ್ದರು. ಅದು ಮುಗಿದು ನಾವೆಲ್ಲ ಊಟ ಮಾಡಿ ಮಲಗಿದ ಮೇಲೆ, ನಮ್ಮ ಗಡಿಯಾರದ ಪ್ರಕಾರ ರಾತ್ರಿ ಹನ್ನೆರಡೂವರೆಗೆ, ಪ್ಯಾರಿಸ್ ಪಕ್ಕದ ಸೇಂಟ್ ಡೆನಿಯ ಕ್ರೀಡಾಂಗಣದಲ್ಲಿ ಇದೇ ಎರಡು ದೇಶಗಳು ರಗ್ಬಿ ವಿಶ್ವಕಪ್‌ನ ಫೈನಲ್‌ಗೆ ಇಳಿದವು. ದಕ್ಷಿಣ ಆಫ್ರಿಕಾ 12, ನ್ಯೂಜಿಲೆಂಡ್ 11.

ಅದು ದಕ್ಷಿಣ ಆಫ್ರಿಕಾಕ್ಕೆ ನಾಲ್ಕನೆಯ ಕಪ್. 1995, 2007, 2019, ಆಮೇಲೆ ಇದು. ನಾಲ್ಕು ಬಾರಿ ಗೆದ್ದ ತಂಡ ಅದುವರೆಗೆ ಬೇರೆ ಇರಲಿಲ್ಲ. ಅಧ್ಯಕ್ಷ ರಾಮಫೋಸಾ ಡಿಸೆಂಬರ್ 15ರಂದು ದೇಶಕ್ಕೆಲ್ಲ ರಜೆ ಘೋಷಿಸಿದರು. ವಿದ್ಯುತ್ ಕಡಿತದಿಂದ ಬೇಸತ್ತಿದ್ದ ಜನ ಬೀದಿಗಿಳಿದು ಕುಣಿದರು. ಆ ಕುಣಿತ ನಿಲ್ಲುವ ಮೊದಲೇ ಜಗಳವೂ ಶುರುವಾಗಿತ್ತು: ನಮ್ಮವರು ನಿಜವಾಗಿ ಚೆನ್ನಾಗಿ ಆಡಿದರೇ?

ಯಾಕೆಂದರೆ ಕ್ವಾರ್ಟರ್ ಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ 29–28. ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ 16–15. ಫೈನಲ್ 12–11. ಮೂರೂ ಒಂದೊಂದು ಅಂಕದ ಗೆಲುವು. ಸೋತ ಮೂರು ದೇಶಗಳ ಅಭಿಮಾನಿಗಳು ಇದನ್ನು ಅದೃಷ್ಟ ಎಂದದ್ದರಲ್ಲಿ ಆಶ್ಚರ್ಯವಿಲ್ಲ. ಸೋತವರ ಬಾಯಿ ಮುಚ್ಚಿಸಲು ಯಾರಿಂದಲೂ ಆಗದು. ಗೆದ್ದ ಎತ್ತಿನ ಬಾಲ ಹಿಡಿಯುವವರೂ ಎಲ್ಲ ಕಡೆ ಇರುತ್ತಾರೆ. ನನಗೆ ಕುತೂಹಲ ಇರುವುದು ಗೆದ್ದ ಎತ್ತಿನ ಹಲ್ಲು ಎಣಿಸುವವರ ಬಗ್ಗೆ. ಕಪ್ ಮನೆಗೆ ಬಂದ ಮೇಲೂ ‘ಹೀಗೆ ಆಡಿದ್ದು ಸರಿಯಲ್ಲ’ ಎನ್ನುವ ಆ ಅಭಿಮಾನಿಗಳ ಪರವಾಗಿ ನಾನು ಮಾತನಾಡುತ್ತೇನೆ. ಆದರೆ ಅವರ ಮೇಲೂ ನನ್ನದೊಂದು ತಕರಾರಿದೆ. ಮೂರು ಪಂದ್ಯಗಳ ಮೂರು ಅಂಕಗಳನ್ನು ಅವರು ಒಂದೇ ಚೀಲಕ್ಕೆ ತುಂಬುತ್ತಾರೆ. ಹೊಗಳುವವರೂ ಅಷ್ಟೇ. ಆ ಮೂರು ಅಂಕಗಳು ಮೂರು ಬೇರೆ ಬೇರೆ ಜಾತಿಯವು.

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೆ ಒತ್ತಿದರೆ ಟ್ರೈ, 5 ಅಂಕ. ಅದರ ಹಿಂದೆಯೇ ಕಂಬಗಳ ನಡುವೆ ಒದೆಯುವ ಅವಕಾಶ, ಅದು ಕನ್ವರ್ಶನ್, 2 ಅಂಕ. ಪೆನಾಲ್ಟಿ ಒದ್ದರೆ 3, ಆಟದ ನಡುವೆ ಡ್ರಾಪ್ ಗೋಲ್ ಹೊಡೆದರೂ 3. ಹದಿನೈದು ಜನರಲ್ಲಿ ಎಂಟು ಮಂದಿ ಫಾರ್ವರ್ಡ್‌ಗಳು, ಏಳು ಮಂದಿ ಬ್ಯಾಕ್‌ಗಳು. ಮೊದಲಿನವರು ನೂಕಿ ಚೆಂಡು ಗಳಿಸುವವರು, ಎರಡನೆಯವರು ಅದನ್ನು ಹಿಡಿದು ಓಡುವವರು. ಬೆಂಚಿನಲ್ಲಿ ಇನ್ನೂ ಎಂಟು ಜನ ಕಾದಿರುತ್ತಾರೆ. ಇಷ್ಟು ಸಾಕು.

ಈ ಆಟ ನಮಗೆ ಪೂರಾ ಹೊರಗಿನದು ಎಂದುಕೊಳ್ಳಬೇಡಿ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಇಂದಿಗೂ ಸೆಣಸುವ ಟ್ರೋಫಿಯ ಹೆಸರು ಕಲ್ಕತ್ತಾ ಕಪ್. ಕಲ್ಕತ್ತಾದ ಒಂದು ಕ್ಲಬ್ ಬಾಗಿಲು ಮುಚ್ಚುವಾಗ, 1878ರಲ್ಲಿ, ಬ್ಯಾಂಕಿನಲ್ಲಿದ್ದ ತನ್ನ ಬೆಳ್ಳಿ ರೂಪಾಯಿಗಳನ್ನೆಲ್ಲ ಕರಗಿಸಿ ಮಾಡಿಸಿದ ಪಾತ್ರೆ ಅದು. ಹಿಡಿಕೆಗಳು ನಾಗರಹಾವು, ಮುಚ್ಚಳದ ಮೇಲೆ ಆನೆ. 2025ರಲ್ಲಿ ಮುಂಬೈಯಲ್ಲಿ ಏಳು ಜನರ ರಗ್ಬಿಯ ಲೀಗ್ ನಡೆದಾಗ ಬೆಂಗಳೂರಿನ ಹೆಸರಲ್ಲೂ ಒಂದು ತಂಡ ಇತ್ತು. ಇರಲಿ, ಪ್ಯಾರಿಸ್‌ಗೆ ವಾಪಸ್ ಬರೋಣ.

ಮೊದಲ ಅಂಕ, ಫ್ರಾನ್ಸ್‌ನದು. ಆತಿಥೇಯ ದೇಶ, ತುಂಬಿದ ಕ್ರೀಡಾಂಗಣ, ಮುಖದ ಗಾಯದಿಂದ ಚೇತರಿಸಿಕೊಂಡು ಬಂದ ನಾಯಕ ಡುಪಾಂ. ಮೊದಲರ್ಧದಲ್ಲೇ ಎರಡೂ ಕಡೆಯವರು ಮೂರು ಮೂರು ಟ್ರೈ ಗಳಿಸಿದರು. ಫ್ರಾನ್ಸ್ ಎರಡನೆಯ ಟ್ರೈ ಹೊಡೆದು ಅಂಕ 12–12 ಆಗಿದೆ. ತೋಮಾ ರಾಮೋಸ್ ಕನ್ವರ್ಶನ್‌ಗೆ ಚೆಂಡು ಇಟ್ಟಿದ್ದಾರೆ. ಆ ಹೊತ್ತಿನಲ್ಲಿ ಎದುರು ತಂಡದವರು ಗೆರೆಯ ಹಿಂದೆ ಸುಮ್ಮನೆ ನಿಂತು ಉಸಿರು ತೆಗೆದುಕೊಳ್ಳುತ್ತಾರೆ, ಅಷ್ಟೇ. ನಿಯಮದ ಪ್ರಕಾರ ಒದೆಯುವವನು ಹೆಜ್ಜೆ ಇಟ್ಟ ಕ್ಷಣದಿಂದ ಅವರು ಓಡಿ ಬರಬಹುದು. ಬಂದರೂ ಮುಟ್ಟುವುದು ದುರ್ಲಭವಾದ್ದರಿಂದ ಹೆಚ್ಚಿನವರು ಸುಮ್ಮನೆ ಕೈ ಎತ್ತಿ ನಾಲ್ಕು ಹೆಜ್ಜೆ ಹಾಕಿ ಕರ್ತವ್ಯ ಮುಗಿಸುತ್ತಾರೆ. ದಕ್ಷಿಣ ಆಫ್ರಿಕಾದ ಚೆಸ್ಲಿನ್ ಕೋಲ್ಬೆ ಹಾಗೆ ಮಾಡಲಿಲ್ಲ. ತಂಡದ ಕುಳ್ಳ ಆಟಗಾರರಲ್ಲಿ ಒಬ್ಬರಾದ ಅವರು ಬಾಣದಂತೆ ಬಂದು, ಚೆಂಡು ರಾಮೋಸ್ ಪಾದ ಬಿಟ್ಟು ಮೇಲೇಳುವಷ್ಟರಲ್ಲಿ ಕೈಯೊಡ್ಡಿ ತಡೆದುಬಿಟ್ಟರು. ಎರಡು ಅಂಕ ಹೋಯಿತು. ಕೊನೆಗೆ ಫ್ರಾನ್ಸ್ ಸೋತದ್ದು ಒಂದು ಅಂಕದಿಂದ.

ಕೋಲ್ಬೆ ಬೇಗ ಓಡಿದರು ಎಂದು ಫ್ರೆಂಚರು ಇಂದಿಗೂ ವಾದಿಸುತ್ತಾರೆ. ತೀರ್ಪುಗಾರಿಕೆ ಈ ಮಟ್ಟದ ಪಂದ್ಯಕ್ಕೆ ತಕ್ಕಂತಿರಲಿಲ್ಲ ಎಂದು ಡುಪಾಂ ಬಹಿರಂಗವಾಗಿಯೇ ಹೇಳಿದರು. ಅದರಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಇದು ಕಾಗೆ ಕೂತು ಕೊಂಬೆ ಮುರಿದ ಕಥೆಯಲ್ಲ. ನೂರು ಸಲ ಓಡಿದರೆ ತೊಂಬತ್ತೊಂಬತ್ತು ಸಲ ವ್ಯರ್ಥವಾಗುವ ಓಟವನ್ನು ಓಡಿದವನಿಗೆ ಸಿಕ್ಕ ಫಲ. ಜೊತೆಗೆ ದಕ್ಷಿಣ ಆಫ್ರಿಕಾ ಆ ದಿನ ಹೊಡೆದದ್ದು ನಾಲ್ಕು ಟ್ರೈ, ಫ್ರಾನ್ಸ್ ಮೂರು. ನಮ್ಮವರು ಬರೀ ಒದೆಯುತ್ತಾರೆ, ನೂಕುತ್ತಾರೆ, ಆಡುವುದಿಲ್ಲ ಎಂದು ಗೊಣಗುವ ಅಭಿಮಾನಿಗಳಿಗೆ ಈ ಪಂದ್ಯದ ಮಟ್ಟಿಗೆ ಆಧಾರವೇ ಇಲ್ಲ.

ಅದೇ ಪಂದ್ಯದ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ತಮ್ಮ ಗೆರೆಯ ಹತ್ತಿರ, ಎದುರಾಳಿ ಮೇಲಕ್ಕೆ ಒದ್ದ ಚೆಂಡನ್ನು ಗಾಳಿಯಲ್ಲೇ ಹಿಡಿದು ‘ಮಾರ್ಕ್’ ಎಂದು ಕೂಗಿದರೆ ಆಟ ನಿಲ್ಲುತ್ತದೆ. ಆಮೇಲೆ ಯಾರೇ ಆಗಲಿ ಚೆಂಡನ್ನು ದೂರ ಒದ್ದು ಅಪಾಯ ಕಳೆದುಕೊಳ್ಳುತ್ತಾರೆ. ದಕ್ಷಿಣ ಆಫ್ರಿಕಾದ ಡೇಮಿಯನ್ ವಿಲೆಮ್ಸೆ ಕೈಯಾಡಿಸಿ ಸ್ಕ್ರಮ್ ಕೇಳಿದರು. ಅಂದರೆ ತಮ್ಮ ಮನೆಬಾಗಿಲಲ್ಲೇ ಎಂಟು ಜನರ ಮೇಲೆ ಎಂಟು ಜನ ಬಿದ್ದು ನೂಕಾಡುವ ಸ್ಪರ್ಧೆಗೆ ಅವರಾಗಿಯೇ ಆಹ್ವಾನ ಕೊಟ್ಟಂತೆ. ನಮ್ಮ ಫಾರ್ವರ್ಡ್‌ಗಳು ನಿಮ್ಮವರನ್ನು ಎಲ್ಲಿ ಬೇಕಾದರೂ ಹಿಂದಕ್ಕೆ ದೂಡುತ್ತಾರೆ ಎಂಬ ಸಾರಿಕೆ ಅದು. ಕೆಲವರು ಇದನ್ನು ಧೈರ್ಯ ಎಂದರು, ಕೆಲವರು ಸೊಕ್ಕು ಎಂದರು, ಇನ್ನು ಕೆಲವರು ಇದು ಆಟವನ್ನು ಕೊಲ್ಲುವ ಹುನ್ನಾರ ಎಂದರು. ನನಗೆ ಅದು ಮೂರೂ ಆಗಿ ಕಾಣುತ್ತದೆ, ಅದಕ್ಕೇ ಇಷ್ಟ.

ಎರಡನೆಯ ಅಂಕ ಇಂಗ್ಲೆಂಡ್‌ನದು. ಇಲ್ಲಿ ನಾನು ಬೈಯುವವರ ಪಕ್ಷ. ಮಳೆ. ಒದ್ದೆ ಚೆಂಡು. ಇಂಗ್ಲೆಂಡ್ ಒಂದೂ ಟ್ರೈ ಹೊಡೆಯಲಿಲ್ಲ. ನಾಯಕ ಓವೆನ್ ಫಾರೆಲ್ ನಾಲ್ಕು ಪೆನಾಲ್ಟಿ, ಒಂದು ಡ್ರಾಪ್ ಗೋಲ್ ಒದ್ದು ಲೆಕ್ಕ 15–6 ಮಾಡಿದರು. ದಕ್ಷಿಣ ಆಫ್ರಿಕಾಕ್ಕೆ ಉತ್ತರವೇ ಇರಲಿಲ್ಲ. 31ನೆಯ ನಿಮಿಷದಲ್ಲೇ, ಅಂದರೆ ಮಧ್ಯಂತರಕ್ಕೂ ಮೊದಲು, ಆಟ ನಡೆಸುವ ಹತ್ತನೆಯ ಅಂಕಿಯ ಮಾನಿ ಲಿಬೊಕ್ ಅವರನ್ನು ಹೊರಗೆ ಕರೆದು ಹಾಂಡ್ರೆ ಪೊಲಾರ್ಡ್ ಅವರನ್ನು ಇಳಿಸಿದರು.

ಅಭಿಮಾನಿಗಳು ಹರಿದು ಹಂಚಿಹೋದದ್ದು ಈ ಲಿಬೊಕ್ ವಿಷಯದಲ್ಲಿ. ಇದೇ ಟೂರ್ನಿಯಲ್ಲಿ ಸ್ಕಾಟ್ಲೆಂಡ್ ವಿರುದ್ಧ ಒಂದು ಕಡೆ ನೋಡುತ್ತ ಇನ್ನೊಂದು ಕಡೆಗೆ ಚೆಂಡು ಒದ್ದು ಕರ್ಟ್‌ಲೀ ಆರೆಂಡ್ಸೆ ಅವರ ಕೈಗಿಟ್ಟು ಟ್ರೈ ಮಾಡಿಸಿದ್ದ ಆಟಗಾರ ಅವರು. ಆದರೆ ಕಂಬಗಳತ್ತ ಒದೆಯುವಾಗ ಭರವಸೆ ಇಲ್ಲ. ಐರ್ಲೆಂಡ್ ವಿರುದ್ಧ 8–13ರಲ್ಲಿ ಸೋತಾಗ ಅವರೂ ಫಾಫ್ ಡಿ ಕ್ಲರ್ಕ್ ಅವರೂ ಒದ್ದ ಕಿಕ್‌ಗಳು ಕಂಬದ ಹೊರಗೆ ಹೋಗಿ ಗೆಲ್ಲಬಹುದಾದ ಪಂದ್ಯ ಕೈಬಿಟ್ಟಿತ್ತು. ಕಣ್ಣಿಗೆ ಹಬ್ಬವಾದವನು ಬೇಕೋ, ಒದ್ದರೆ ತಪ್ಪದವನು ಬೇಕೋ? ಈ ಪ್ರಶ್ನೆಯ ಮೇಲೆ ಅಣ್ಣತಮ್ಮಂದಿರು ಮಾತು ಬಿಟ್ಟಿರಬಹುದು. ಮಳೆಯ ಸೆಮಿಫೈನಲ್‌ಗೆ ಲಿಬೊಕ್ ಅವರನ್ನು ಮೊದಲಿಗೆ ಇಳಿಸಿದ್ದೇ ತಪ್ಪು ಎಂಬುದು ನನ್ನ ಅಭಿಪ್ರಾಯ. ಅರ್ಧ ಗಂಟೆಯಲ್ಲಿ ಆ ತಪ್ಪನ್ನು ತಿದ್ದಿಕೊಂಡ ತರಬೇತುದಾರರಿಗೆ ‘ಮಹಾ ತಂತ್ರಜ್ಞರು’ ಎಂಬ ಬಿರುದು ಬಂತು. ಹಿಂದೆ ಕರೆಸಿಕೊಂಡ ಹುಡುಗನಿಗೆ ಅವಮಾನ ಬಂತು. ಈ ಲೆಕ್ಕ ನನಗೆ ಸರಿಕಾಣುವುದಿಲ್ಲ.

ಗೆಲ್ಲಿಸಿದ್ದು ಬೆಂಚು. ಆಕ್ಸ್ ನ್ಚೆ ಎಂಬ ಗುಂಡುಗುಂಡನೆಯ ಫಾರ್ವರ್ಡ್ ಒಳಗೆ ಬಂದ ಮೇಲೆ ಸ್ಕ್ರಮ್‌ನಲ್ಲಿ ಇಂಗ್ಲಿಷರ ಮುಂಸಾಲು ಮಡಚಿಕೊಳ್ಳತೊಡಗಿತು. ಸಲಾಡ್ ತಿಂದು ಸ್ಕ್ರಮ್ ಗೆಲ್ಲಲಾಗದು ಎಂಬ ಅವರ ಮಾತು ಅಲ್ಲಿನ ಅಭಿಮಾನಿಗಳಿಗೆ ಗಾದೆಯಾಗಿದೆ. 69ನೆಯ ನಿಮಿಷದಲ್ಲಿ ಆರ್‌ಜಿ ಸ್ನೈಮನ್ ಟ್ರೈ. ಇನ್ನು ಎರಡು ಮೂರು ನಿಮಿಷ ಉಳಿದಿರುವಾಗ ಮತ್ತೊಂದು ಸ್ಕ್ರಮ್, ಮತ್ತೊಂದು ಪೆನಾಲ್ಟಿ. ಮೈದಾನದ ನಡುಗೆರೆಯ ಹತ್ತಿರದಿಂದ, ಸುಮಾರು 49 ಮೀಟರ್ ದೂರದಿಂದ ಪೊಲಾರ್ಡ್ ಒದ್ದರು. ಚೆಂಡು ಕಂಬಗಳ ನಡುವೆ ಹೋಯಿತು. ಎಂಬತ್ತು ನಿಮಿಷಗಳ ಆಟದಲ್ಲಿ ದಕ್ಷಿಣ ಆಫ್ರಿಕಾ ಮುಂದಿದ್ದದ್ದು ಆ ಕೊನೆಯ ಎರಡು ಮೂರು ನಿಮಿಷ ಮಾತ್ರ.

ಪೊಲಾರ್ಡ್ ಅಲ್ಲಿ ಇದ್ದದ್ದೇ ಒಂದು ಜಗಳದ ಫಲ ಎಂಬುದನ್ನು ಮರೆಯಬೇಡಿ. ಗಾಯದ ಕಾರಣಕ್ಕೆ ಅವರು ಮೊದಲ ಪಟ್ಟಿಯಲ್ಲಿ ಇರಲೇ ಇಲ್ಲ. ಟೂರ್ನಿ ಶುರುವಾಗುತ್ತಿದ್ದಂತೆ ಅಭ್ಯಾಸದಲ್ಲಿ ಮಾಲ್ಕಮ್ ಮಾರ್ಕ್ಸ್ ಮೊಣಕಾಲು ಕೆಟ್ಟಿತು. ಮಾರ್ಕ್ಸ್ ಹುಕರ್, ಸ್ಕ್ರಮ್‌ನ ಮುಂಸಾಲಿನ ನಡುವೆ ನಿಲ್ಲುವವರು, ಚೆಂಡು ಬದಿಗೆರೆ ದಾಟಿದಾಗ ಆಟ ಮತ್ತೆ ಶುರುಮಾಡುವ ಲೈನ್‌ಔಟ್‌ನಲ್ಲಿ ಚೆಂಡು ಎಸೆಯುವವರು. ಆ ಜಾಗದ ಕೆಲಸವೇ ಬೇರೆ, ಎಲ್ಲರಿಗೂ ಬರುವಂಥದ್ದಲ್ಲ. ಹುಕರ್ ಹೋದರೆ ಹುಕರ್ ಬರಬೇಕು ಎಂಬುದು ಲೋಕರೂಢಿ. ತಂಡ ನಡೆಸುತ್ತಿದ್ದ ರಾಸಿ ಎರಾಸ್ಮಸ್ ಮತ್ತು ತರಬೇತುದಾರ ಜಾಕ್ ನೀನಾಬರ್ ಕರೆಸಿದ್ದು ಪೊಲಾರ್ಡ್ ಅವರನ್ನು. ಉಳಿದ ಹುಕರ್ ಬೊಂಗಿ ಎಂಬೊನಾಂಬಿಗೆ ಏನಾದರೂ ಆದರೆ ಏನು ಗತಿ ಎಂದು ಜನ ಬೊಬ್ಬೆ ಹೊಡೆದರು. 37 ವರ್ಷದ, ಸ್ಕ್ರಮ್‌ನ ಬದಿಯಲ್ಲಿ ನಿಲ್ಲುವ ಫ್ಲ್ಯಾಂಕರ್ ಡಿಯಾನ್ ಫೋರೀ ಆ ಜಾಗ ನೋಡಿಕೊಳ್ಳುತ್ತಾರೆ ಎಂಬ ಉತ್ತರ ಬಂತು.

ಇದರ ಮೇಲೆ 7–1ರ ಬೆಂಚು. ಸಾಮಾನ್ಯವಾಗಿ ಬೆಂಚಿನ ಎಂಟು ಜನರಲ್ಲಿ ಐದು ಮಂದಿ ಫಾರ್ವರ್ಡ್‌ಗಳು, ಮೂವರು ಬ್ಯಾಕ್‌ಗಳು. ವಿಶ್ವಕಪ್‌ಗೆ ಮುನ್ನ ಲಂಡನ್ನಿನಲ್ಲಿ ನ್ಯೂಜಿಲೆಂಡ್ ವಿರುದ್ಧದ ಪಂದ್ಯಕ್ಕೆ ಕೊನೆ ಗಳಿಗೆಯಲ್ಲಿ ಬ್ಯಾಕ್ ಆಟಗಾರರೊಬ್ಬರ ಜಾಗಕ್ಕೆ ಫಾರ್ವರ್ಡ್ ಕ್ವಾಗಾ ಸ್ಮಿತ್ ಬೆಂಚಿಗೆ ಬಂದು ಏಳು–ಒಂದಾಯಿತು. 35–7ರ ಭರ್ಜರಿ ಗೆಲುವು ಸಿಕ್ಕಿತು. ಅಲ್ಲಿಂದ ಅದೇ ಚಟವಾಯಿತು. ಮದುವೆ ಮನೆಗೆ ಏಳು ಜನ ಅಡುಗೆಯವರನ್ನೂ ಒಬ್ಬನೇ ಬಡಿಸುವವನನ್ನೂ ಕರೆದುಕೊಂಡು ಹೋದ ಹಾಗೆ. ಆ ಒಬ್ಬನ ಕೈ ಸುಟ್ಟರೆ ನೆಂಟರು ಉಪವಾಸ. ಫೈನಲ್‌ನಲ್ಲಿ ಬೆಂಚಿನಲ್ಲಿದ್ದ ಏಕೈಕ ಬ್ಯಾಕ್ ವಿಲೀ ಲ ರೂ. ಫಾಫ್ ಡಿ ಕ್ಲರ್ಕ್ ಜಾಗಕ್ಕೆ ಬದಲಿಯೇ ಇರಲಿಲ್ಲ, ಅವರು ಎಂಬತ್ತೂ ನಿಮಿಷ ಆಡಲೇಬೇಕಿತ್ತು.

ಫೈನಲ್‌ನ ಮೂರನೆಯ ನಿಮಿಷದಲ್ಲೇ ಎಂಬೊನಾಂಬಿ ಮೊಣಕಾಲಿಗೆ ಪೆಟ್ಟು ಬಿತ್ತು, ಅವರು ಹೊರನಡೆದರು. ಬೊಬ್ಬೆ ಹೊಡೆದವರ ಭಯ ಅಕ್ಷರಶಃ ನಿಜವಾಯಿತು. ಫೋರೀ ಉಳಿದ ಪಂದ್ಯವನ್ನೆಲ್ಲ ಹುಕರ್ ಆಗಿ ಆಡಿದರು. ಲೈನ್‌ಔಟ್ ಎಸೆತಗಳು ದಾರಿ ತಪ್ಪಿ ಚೆಂಡು ಮತ್ತೆ ಮತ್ತೆ ನ್ಯೂಜಿಲೆಂಡ್ ಪಾಲಾಯಿತು. ಇತ್ತ ದಕ್ಷಿಣ ಆಫ್ರಿಕಾದ ಹನ್ನೆರಡು ಅಂಕಗಳೂ ಪೊಲಾರ್ಡ್ ಒದ್ದ ನಾಲ್ಕು ಪೆನಾಲ್ಟಿಗಳಿಂದಲೇ ಬಂದವು. ಈಗ ಹೇಳಿ, ಆ ಆಯ್ಕೆ ಸರಿಯೋ ತಪ್ಪೋ? ಎರಡೂ ಪಕ್ಷದವರಿಗೆ ಒಂದೇ ಪಂದ್ಯದಲ್ಲಿ ಸಾಕ್ಷಿ ಸಿಕ್ಕಿದೆ, ಹೀಗಾಗಿ ಈ ಜಗಳಕ್ಕೆ ಮುಕ್ತಾಯವಿಲ್ಲ.

ಮೂರನೆಯ ಅಂಕದ ಬಗ್ಗೆ ನನ್ನ ಮಾತು ಸ್ವಲ್ಪ ಕಟುವಾಗಿರುತ್ತದೆ. ನ್ಯೂಜಿಲೆಂಡ್ ನಾಯಕ ಸ್ಯಾಮ್ ಕೇನ್ 28ನೆಯ ನಿಮಿಷದಲ್ಲಿ ಎದುರಾಳಿಯನ್ನು ಹಿಡಿದು ಕೆಡವುವಾಗ, ಅಂದರೆ ಟ್ಯಾಕಲ್ ಮಾಡುವಾಗ, ತಲೆಗೆ ತಾಗಿಸಿ ಹಳದಿ ಕಾರ್ಡ್ ಪಡೆದರು. ಪರದೆಯ ಮುಂದೆ ಕುಳಿತ ಅಧಿಕಾರಿ ಪರಿಶೀಲಿಸಿ ಅದನ್ನು ಕೆಂಪಿಗೆ ಏರಿಸಿದರು. ಪುರುಷರ ವಿಶ್ವಕಪ್ ಫೈನಲ್‌ನಲ್ಲಿ ಕೆಂಪು ಕಾರ್ಡ್ ಕಂಡದ್ದು ಅದೇ ಮೊದಲು. ಮಧ್ಯಂತರಕ್ಕೆ 12–6. ಎದುರಾಳಿ ಹದಿನಾಲ್ಕು ಜನ. ಆಮೇಲೆ ದಕ್ಷಿಣ ಆಫ್ರಿಕಾ ಗಳಿಸಿದ್ದು ಸೊನ್ನೆ. ಪೂರ್ತಿ ದ್ವಿತೀಯಾರ್ಧದಲ್ಲಿ ಒಂದು ಅಂಕವೂ ಇಲ್ಲ. 58ನೆಯ ನಿಮಿಷದಲ್ಲಿ ಬ್ಯೂಡೆನ್ ಬ್ಯಾರೆಟ್ ಟ್ರೈ ಹೊಡೆದರು. ಹಿಂದಿನ ಮೂರು ಫೈನಲ್‌ಗಳಲ್ಲಿ ಯಾರಿಗೂ ಒಂದೂ ಟ್ರೈ ಬಿಟ್ಟುಕೊಡದ ತಂಡದ ವಿರುದ್ಧ. ಅದರ ಕನ್ವರ್ಶನ್ ಮೊಉಂಗಾ ಕಾಲಿನಿಂದ ಹೊರಗೆ ಹೋಯಿತು. 73ನೆಯ ನಿಮಿಷದಲ್ಲಿ ಜೋರ್ಡಿ ಬ್ಯಾರೆಟ್ ದೂರದಿಂದ ಒದ್ದ ಪೆನಾಲ್ಟಿಯೂ ಹೊರಗೆ. ಎರಡರಲ್ಲಿ ಒಂದು ಒಳಗೆ ಬಿದ್ದಿದ್ದರೆ ಇಂದು ನಾವು ಬೇರೆಯದೇ ಉಪನ್ಯಾಸ ಮಾಡುತ್ತಿದ್ದೆವು.

ಹಾಗಾದರೆ ಇಲ್ಲಿ ಕೆಲಸ ಮಾಡಿದ್ದು ಅದೃಷ್ಟವೇ? ಬಹುಪಾಲು ಹೌದು. ಉಳಿದದ್ದು ಪೀಟರ್‌ಸ್ಟೆಫ್ ಡು ಟಾಯ್. 28 ಟ್ಯಾಕಲ್. ಜೋರ್ಡಿ ಬ್ಯಾರೆಟ್ ಚೆಂಡು ಹಿಡಿದು ತಲೆ ಎತ್ತಿದಾಗಲೆಲ್ಲ ಈ ಎತ್ತರದ ಮನುಷ್ಯ ಎಲ್ಲಿಂದಲೋ ಬಂದು ಅವರನ್ನು ನೆಲಕ್ಕೆ ಹಾಕುತ್ತಿದ್ದರು. ಅದು ಯಾವ ತಂತ್ರದ ಹಾಳೆಯಲ್ಲೂ ಬರೆದಿಡುವಂಥದ್ದಲ್ಲ. ಅದೇ ಹೊತ್ತಿಗೆ ನಾಯಕ ಸಿಯಾ ಕೊಲಿಸಿ ದ್ವಿತೀಯಾರ್ಧದ ಆರಂಭದಲ್ಲೇ ಹಳದಿ ಕಾರ್ಡ್ ಪಡೆದು ಹತ್ತು ನಿಮಿಷ ಹೊರಗಿದ್ದರು. ಫ್ರಾನ್ಸ್ ವಿರುದ್ಧ ಕಿಕ್ ತಡೆದ ಅದೇ ಕೋಲ್ಬೆ, ಉದ್ದೇಶಪೂರ್ವಕವಾಗಿ ಚೆಂಡು ತಟ್ಟಿದ್ದಕ್ಕೆ ಕೊನೆಯ ಏಳು ನಿಮಿಷ ಕುರ್ಚಿಯಲ್ಲಿ ಕುಳಿತು, ನೋಡಲಾಗದೆ ಅಂಗಿಯನ್ನು ತಲೆಯ ಮೇಲೆ ಎಳೆದುಕೊಂಡಿದ್ದರು. ಶಿಸ್ತು ತಪ್ಪಿದವರು ಒಂದೇ ಕಡೆಯವರಲ್ಲ.

ಕೇನ್ ಅವರಿಗೆ ಕೆಂಪಾದರೆ ಕೊಲಿಸಿಗೆ ಯಾಕೆ ಹಳದಿ ಎಂಬುದು ನ್ಯೂಜಿಲೆಂಡಿಗರ ದೊಡ್ಡ ಪ್ರಶ್ನೆ. ಕೇನ್ ನೆಟ್ಟಗೆ ನಿಂತೇ ಡಿಕ್ಕಿ ಹೊಡೆದರು, ಕೊಲಿಸಿ ಬಗ್ಗಿದ್ದರು, ಅಪಾಯ ಕಡಿಮೆ ಎಂಬುದು ಉತ್ತರ. ನಿಧಾನಗತಿಯ ದೃಶ್ಯ ನೋಡಿ ನಾನು ಆ ಉತ್ತರವನ್ನು ಒಪ್ಪುತ್ತೇನೆ, ಆದರೆ ಮನಸ್ಸಿಲ್ಲದ ಮನಸ್ಸಿನಿಂದ. ಏರನ್ ಸ್ಮಿತ್ ಹೊಡೆದ ಟ್ರೈಯನ್ನು ಎಷ್ಟೋ ಹಿಂದೆ ಚೆಂಡು ಕೈತಪ್ಪಿ ಮುಂದಕ್ಕೆ ಹೋದ ಒಂದು ನಾಕ್‌ಆನ್ ಹುಡುಕಿ ರದ್ದುಮಾಡಿದ್ದೂ ಇನ್ನೊಂದು ಗಾಯ. ಇದರ ಹೆಸರಲ್ಲಿ ನಡೆದದ್ದು ಮಾತ್ರ ನಾಚಿಕೆಗೇಡು: ರೆಫರಿ ವೇಯ್ನ್ ಬಾರ್ನ್ಸ್ ಮತ್ತು ವಿಡಿಯೊ ಅಧಿಕಾರಿ ಟಾಮ್ ಫೋಲಿ ಅವರ ಮನೆಯವರಿಗೂ ಬೆದರಿಕೆಗಳು ಬಂದವು. ಬಾರ್ನ್ಸ್ ಆ ಫೈನಲ್‌ನೊಂದಿಗೇ ನಿವೃತ್ತರಾದರು, ಫೋಲಿ ಅಂತಾರಾಷ್ಟ್ರೀಯ ಪಂದ್ಯಗಳಿಂದ ದೂರ ಸರಿದರು. ಅಂಥವರನ್ನು ನಾನು ಅಭಿಮಾನಿಗಳ ಲೆಕ್ಕಕ್ಕೆ ಸೇರಿಸುವುದಿಲ್ಲ.

ದಕ್ಷಿಣ ಆಫ್ರಿಕಾದಲ್ಲಿ ಈ ವಾದ ಇಷ್ಟು ಬಿಸಿಯಾಗಿರುವುದಕ್ಕೆ ಬೇರೆ ಕಾರಣವೂ ಇದೆ. ಅಲ್ಲಿ ತಂಡವನ್ನು ಯಾರು ‘ನಮ್ಮದು’ ಎನ್ನುತ್ತಾರೆ ಎಂಬುದೇ ಬಹುಕಾಲ ಇತ್ಯರ್ಥವಾಗಿರಲಿಲ್ಲ. ವರ್ಣಭೇದದ ಕಾಲದಲ್ಲಿ ರಾಬೆನ್ ದ್ವೀಪದ ಕೈದಿಗಳು ದೇಶದ ರಗ್ಬಿ ತಂಡವಾದ ಸ್ಪ್ರಿಂಗ್‌ಬಾಕ್ ಎದುರಾಳಿಗಳಿಗೆ ಜೈಕಾರ ಹಾಕುತ್ತಿದ್ದರು. ಕೇಪ್ ಟೌನ್‌ನಲ್ಲಿ ಇಂದಿಗೂ ನ್ಯೂಜಿಲೆಂಡ್ ತಂಡವನ್ನೇ ಬೆಂಬಲಿಸುವ ಒಂದು ಗುಂಪಿದೆ, ಕೇಪ್ ಕ್ರುಸೇಡರ್ಸ್ ಎಂದು ಕರೆಯುತ್ತಾರೆ. 1995ರಲ್ಲಿ ಗೆದ್ದ ತಂಡದಲ್ಲಿ ಬಿಳಿಯನಲ್ಲದವನು ಚೆಸ್ಟರ್ ವಿಲಿಯಮ್ಸ್ ಒಬ್ಬರೇ. ಕೊಲಿಸಿ ಹುಟ್ಟಿದ್ದು ಜ್ವಿಡೆ ಎಂಬ ಬಡ ವಸತಿಯಲ್ಲಿ. ಟೆಸ್ಟ್ ತಂಡದ ಮೊದಲ ಕಪ್ಪು ನಾಯಕ. ಹೀಗಿರುವಾಗ ಬಿಳಿಯರಲ್ಲದ ಲಿಬೊಕ್ ಬೇಕೋ ಬಿಳಿಯ ಪೊಲಾರ್ಡ್ ಬೇಕೋ ಎಂಬ ಪ್ರಶ್ನೆಯನ್ನು ಎಲ್ಲರೂ ಕೇವಲ ಕಾಲ್ಚಳಕದ ಪ್ರಶ್ನೆಯಾಗಿ ಕೇಳುತ್ತಾರೆಂದು ಭಾವಿಸಬೇಡಿ. ಹಾಗೆಂದು ಅದು ಬಣ್ಣದ ಪ್ರಶ್ನೆ ಮಾತ್ರ ಎಂದರೂ ಸುಳ್ಳಾಗುತ್ತದೆ. ಪೊಲಾರ್ಡ್ ಬೇಕೆನ್ನುವವರಲ್ಲಿ ಎಲ್ಲ ಬಣ್ಣದವರೂ ಇದ್ದರು, 49 ಮೀಟರಿನ ಆ ಕಿಕ್ ಆದಮೇಲಂತೂ.

ಮುಂದೇನಾಯಿತು ಎಂದು ಕೇಳುವಿರಿ. ವಿಲೆಮ್ಸೆ ಮಾಡಿದಂತೆ ಮಾರ್ಕ್ ಹಿಡಿದು ಸ್ಕ್ರಮ್ ಕೇಳುವ ದಾರಿಯನ್ನೇ 2024ರ ಜುಲೈ 1ರಿಂದ ನಿಯಮ ಬದಲಿಸಿ ಮುಚ್ಚಿದರು. ನೀನಾಬರ್ ಐರ್ಲೆಂಡಿನ ಲೆನ್‌ಸ್ಟರ್‌ಗೆ ಹೋದರು, ಎರಾಸ್ಮಸ್ ಮತ್ತೆ ಮುಖ್ಯ ತರಬೇತುದಾರರಾದರು. ದಾಳಿಯ ಆಟ ಕಲಿಸಲು ಅವರು ಕರೆಸಿದ್ದು ಯಾರನ್ನು ಗೊತ್ತೇ? ನ್ಯೂಜಿಲೆಂಡಿನ ಟೋನಿ ಬ್ರೌನ್ ಅವರನ್ನು. ಅಂದರೆ ಗೊಣಗುತ್ತಿದ್ದ ಅಭಿಮಾನಿಗಳ ಮಾತು ತರಬೇತುದಾರರ ಮನಸ್ಸಿನಲ್ಲೂ ಇತ್ತು ಎಂದಾಯಿತು.

2025ರ ಆಗಸ್ಟ್‌ನಲ್ಲಿ ಜೋಹಾನ್ಸ್‌ಬರ್ಗ್‌ನ ಎಲ್ಲಿಸ್ ಪಾರ್ಕ್‌ನಲ್ಲಿ ಈ ಹೊಸ ಆಟ ಆಸ್ಟ್ರೇಲಿಯಾ ವಿರುದ್ಧ ಇಪ್ಪತ್ತು ನಿಮಿಷದೊಳಗೆ 22–0 ಮುನ್ನಡೆ ತಂದಿತು. ಓಡುತ್ತಲೇ, ಎಸೆಯುತ್ತಲೇ ಇದ್ದರು. ಕೊನೆಗೆ 22–38ರಲ್ಲಿ ಸೋತರು. ಹಳೆಯ ನೂಕಾಟದ ಆಟವೇ ವಾಸಿ ಎಂಬ ಕೂಗು ಎದ್ದಿತು. ಎರಡು ವರ್ಷದ ಹಿಂದೆ ಅದೇ ಆಟವನ್ನು ಬೈದವರಲ್ಲಿ ಎಷ್ಟು ಜನ ಆ ಕೂಗಿನಲ್ಲಿ ಸೇರಿದ್ದರೋ. ಒಂದು ತಿಂಗಳೊಳಗೆ ತಂಡ ವೆಲಿಂಗ್ಟನ್‌ಗೆ ಹೋಗಿ ನ್ಯೂಜಿಲೆಂಡನ್ನು 43–10ರಲ್ಲಿ ಬಡಿಯಿತು. ನ್ಯೂಜಿಲೆಂಡ್ ತಂಡದ ಇತಿಹಾಸದಲ್ಲೇ ಅದುವರೆಗೆ ಅದಕ್ಕಿಂತ ದೊಡ್ಡ ಅಂತರದ ಸೋಲಿರಲಿಲ್ಲ. ಮಧ್ಯಂತರಕ್ಕೆ ದಕ್ಷಿಣ ಆಫ್ರಿಕಾ 7–10ರಲ್ಲಿ ಹಿಂದಿತ್ತು, ದ್ವಿತೀಯಾರ್ಧವೊಂದೇ 36–0. ನೋಡಿ, ಇಂಥ ದಿನವೂ ಮೊದಲರ್ಧದಲ್ಲಿ ಹಿಂದೆ ಬಿದ್ದದ್ದು ಯಾಕೆ ಎಂದು ಕೇಳುವವನೇ ನನಗೆ ಬೇಕಾದ ಅಭಿಮಾನಿ. ಅವನ ಪ್ರಶ್ನೆಗೆ ನನ್ನಲ್ಲಿ ಉತ್ತರವೂ ಇದೆ, ಆದರೆ ಅದಕ್ಕೆ ಲೈನ್‌ಔಟ್ ಬಗ್ಗೆ ಇನ್ನೊಂದು ಗಂಟೆ ಮಾತನಾಡಬೇಕಾಗುತ್ತದೆ, ಸಭಾಂಗಣದವರು ಆಗಲೇ ಬೀಗದ ಕೈ ಹಿಡಿದು ನಿಂತಿದ್ದಾರೆ.